ಬಲಸಾಧಕರ ಪ್ರೋಟೀನ್ ಅಗತ್ಯ ಮತ್ತು ಸುರಕ್ಷತೆ: ಬೆಳಗಾವಿ, ಖಾನಾಪುರ

ಕುಸ್ತಿ, ಭಾರ ಎತ್ತುವಿಕೆ, ದೇಹದಾರ್ಢ್ಯ ಮುಂತಾದ ಬಲಸಾಧನೆಯಲ್ಲಿ ತೊಡಗಿದವರಿಗೆ ಉಳಿದವರಿಗಿಂತ ಹೆಚ್ಚು ಪ್ರೋಟೀನ್ ಬೇಕು. ಆ ಹೆಚ್ಚಳಕ್ಕೂ ಒಂದು ಎಲ್ಲೆಯಿದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಮುಟ್ಟಿದ ಮೇಲೆ ಇನ್ನಷ್ಟು ತಿಂದುದರಿಂದ ಸ್ನಾಯು ಬೆಳೆಯುವುದು ತೀರ ಕಡಿಮೆ ಎಂಬುದು ಈಗಿನ ಸಂಶೋಧನೆಗಳ ಒಟ್ಟು ತೀರ್ಮಾನ. ಇಷ್ಟು ಪ್ರೋಟೀನಿನಿಂದ ಆರೋಗ್ಯವಂತರ ಮೂತ್ರಪಿಂಡ ಕೆಟ್ಟದ್ದಕ್ಕೆ ಆಧಾರ ಸಿಕ್ಕಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರ ಮಾತು ಪೂರ್ತಿ ಬೇರೆ.

ಈ ವಿಷಯವನ್ನು ಬೆಳಗಾವಿ ನಗರ ಮತ್ತು ಅದರ ದಕ್ಷಿಣಕ್ಕಿರುವ ಖಾನಾಪುರ ತಾಲ್ಲೂಕಿನ ಹಿನ್ನೆಲೆಯಲ್ಲಿ ನೋಡುವುದಕ್ಕೆ ಕಾರಣವಿದೆ. ಜಿಮ್ ಎಂಬುದು ಬರುವುದಕ್ಕೆ ಬಹಳ ಮೊದಲೇ ಇಲ್ಲಿ ಕುಸ್ತಿಯ ತಾಲೀಮು ಇತ್ತು, ತಾಲೀಮಿನ ಜೊತೆಗೆ ಖುರಾಕಿನ, ಅಂದರೆ ಪೈಲ್ವಾನರ ಆಹಾರದ, ಶಾಸ್ತ್ರವೂ ಇತ್ತು. ಇವತ್ತು ನಗರದ ಜಿಮ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಪ್ರೋಟೀನ್ ನುಂಗುವ ಯುವಕರಿದ್ದಾರೆ. ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ಅನ್ನವೇ ಮುಖ್ಯ ಊಟವಾಗಿರುವ ಕಾಡಂಚಿನ ಹಳ್ಳಿಗಳಲ್ಲಿ, ಅಗತ್ಯದ ಅರ್ಧದಷ್ಟೂ ಸಿಗದೆ ಕಸರತ್ತು ಮಾಡುವ ಹುಡುಗರೂ ಇರುತ್ತಾರೆ. ಅತಿಯ ಭಯದ ಬಗ್ಗೆ ಆಗುವಷ್ಟು ಚರ್ಚೆ ಕೊರತೆಯ ಬಗ್ಗೆ ಆಗಿಲ್ಲ.

ತಾಲೀಮು ಮತ್ತು ಖುರಾಕು

ಕುಸ್ತಿಯ ಮಟ್ಟಿಗೆ ಬೆಳಗಾವಿ ಕೊಲ್ಹಾಪುರದ ನೆರೆಯ ಊರು. ಶಾಹೂ ಮಹಾರಾಜರ ಆಶ್ರಯದಲ್ಲಿ 1912ರಲ್ಲಿ ಅಲ್ಲಿ ಖಾಸಬಾಗ್ ಮೈದಾನ ಸಿದ್ಧವಾದ ಮೇಲೆ ಈ ಸೀಮೆಯ ಪೈಲ್ವಾನರಿಗೂ ಅದೇ ದೊಡ್ಡ ಕಣವಾಯಿತು. 1959ರಲ್ಲಿ ಮೊದಲ ಹಿಂದ್ ಕೇಸರಿ ಪಟ್ಟ ಗೆದ್ದ ಶ್ರೀಪತಿ ಖಂಚನಾಳೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಯಕ್ಸಂಬಾದಲ್ಲಿ, ಬೆಳೆದು ಹೆಸರು ಮಾಡಿದ್ದು ಕೊಲ್ಹಾಪುರದಲ್ಲಿ. ಬೆಳಗಾವಿ ನಗರದಲ್ಲಿ ಆನಂದವಾಡಿಯ ಆಖಾಡ ಕುಸ್ತಿಪ್ರಿಯರಿಗೆ ಚಿರಪರಿಚಿತ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ ಇಲ್ಲಿಯೇ ಇದ್ದು, ಅದರ ಬಾಲಕರ ಕ್ರೀಡಾ ಕಂಪನಿಯಲ್ಲಿ ಎಳೆಯ ಪೈಲ್ವಾನರಿಗೆ ತರಬೇತಿ ನಡೆಯುತ್ತದೆ. ಜಿಲ್ಲೆಯ ಬಯಲುಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಜೋಳದ ಚೀಲ ಎತ್ತುವ ಪಂದ್ಯಗಳು ಈಗಲೂ ಉಂಟು. ಕಬ್ಬಿಣದ ಪ್ಲೇಟುಗಳಿಲ್ಲದ ಕಾಲದ ಭಾರ ಎತ್ತುವಿಕೆ ಅದು. ದೇಹದಾರ್ಢ್ಯ ಸ್ಪರ್ಧೆಗಳಿಗೂ ಈ ನಗರ ಹೊಸತಲ್ಲ. ಸತೀಶ್ ಶುಗರ್ಸ್ ಕ್ಲಾಸಿಕ್‌ನಂಥ ಪಂದ್ಯಗಳು ಹೊರ ಊರುಗಳ ಪಟುಗಳನ್ನೂ ಇಲ್ಲಿಗೆ ಕರೆತಂದಿವೆ.

ಪೈಲ್ವಾನನ ದಿನ ನಸುಕಿನಲ್ಲಿ ಶುರುವಾಗುತ್ತದೆ. ಕೆಮ್ಮಣ್ಣು ಹದಮಾಡುವುದು, ದಂಡ, ಸಪಾಟಿ (ಬಸ್ಕಿ), ಆಮೇಲೆ ಕುಸ್ತಿ ಕಲಿಸುವ ವಸ್ತಾದಿಯ ಕಣ್ಣೆದುರು ಜೋಡಿಯೊಂದಿಗೆ ಜೋರು, ಅಂದರೆ ಅಭ್ಯಾಸದ ಕುಸ್ತಿ. ಇದೆಲ್ಲ ಮುಗಿದ ಮೇಲೆ ಕುಡಿಯುವ ಥಂಡಾಯಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರಾತ್ರಿ ನೆನೆಹಾಕಿದ ಬಾದಾಮಿಯ ಸಿಪ್ಪೆ ಸುಲಿದು, ಗಸಗಸೆ, ಬಡೇಸೋಪು, ನಾಲ್ಕು ಕರಿಮೆಣಸು, ಯಾಲಕ್ಕಿ ಸೇರಿಸಿ, ಬೆಣ್ಣೆಯಂತಾಗುವವರೆಗೆ ಕಲ್ಲಿನಲ್ಲಿ ಅರೆದು, ಸಕ್ಕರೆ ಬೆರೆಸಿದ ಹಾಲಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ಐವತ್ತು ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ ಸುಮಾರು 9 ಗ್ರಾಂ. ಅರ್ಧ ಲೀಟರ್ ಎಮ್ಮೆ ಹಾಲಿನಲ್ಲಿ ಸುಮಾರು 18 ಗ್ರಾಂ. ಬಟ್ಟೆಯಲ್ಲಿ ಉಳಿಯುವ ಗಸಿಯನ್ನು ಕಳೆದರೂ ಒಂದು ಲೋಟದಲ್ಲಿ 25 ಗ್ರಾಂ ಹತ್ತಿರ ಸಿಕ್ಕಿತು. ಜಿಮ್‌ನ ಹುಡುಗ ಡಬ್ಬಿಯಿಂದ ಒಂದು ಸ್ಕೂಪ್ ವೇ ಪುಡಿ ತೆಗೆದು ನೀರಿಗೆ ಹಾಕಿ ಕುಲುಕಿದಾಗ ಸಿಗುವುದೂ ಅಷ್ಟೇ.

ವ್ಯತ್ಯಾಸ ಇರುವುದು ಜೊತೆಗೆ ಬರುವ ಶಕ್ತಿಯಲ್ಲಿ. ಆ ಥಂಡಾಯಿಯಲ್ಲಿ ಬಾದಾಮಿ ಮತ್ತು ಹಾಲಿನ ಕೊಬ್ಬೂ ಸಕ್ಕರೆಯೂ ಸೇರಿ 800 ಕಿಲೋಕ್ಯಾಲರಿ ದಾಟುತ್ತದೆ. ಒಂದು ಸ್ಕೂಪ್ ಪುಡಿಯಲ್ಲಿ 120–130 ಮಾತ್ರ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಮಣ್ಣಿನಲ್ಲಿ ಒದ್ದಾಡುವ ಪೈಲ್ವಾನನಿಗೆ ಆ ಶಕ್ತಿ ಬೇಕೇಬೇಕು, ಇಲ್ಲವಾದರೆ ತಿಂದ ಪ್ರೋಟೀನನ್ನೇ ಮೈ ಉರುವಲಾಗಿ ಸುಟ್ಟುಕೊಳ್ಳುತ್ತದೆ. ನಗರದ ಟಿಳಕವಾಡಿ ಬಡಾವಣೆಯ ಕಚೇರಿಯಲ್ಲಿ ದಿನವಿಡೀ ಕೂತು ಸಂಜೆ ಮುಕ್ಕಾಲು ಗಂಟೆ ಡಂಬೆಲ್ ಎತ್ತುವವನು ಅದೇ ಥಂಡಾಯಿ, ಅದೇ ತುಪ್ಪ ಹಿಡಿದರೆ ಹೊಟ್ಟೆ ಬರುತ್ತದೆ. ಹಳೆಯ ಖುರಾಕು ತಪ್ಪಲ್ಲ. ಅದು ಹಳೆಯ ದುಡಿಮೆಗೆ ಹೊಂದಿಸಿದ ಲೆಕ್ಕ. ಕಣ ಬಿಟ್ಟ ಮೇಲೂ ಖುರಾಕು ಬಿಡದ ಪೈಲ್ವಾನರಿಗೆ ನಡುವಯಸ್ಸಿನಲ್ಲಿ ಬೊಜ್ಜು, ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದಕ್ಕೂ ಪ್ರೋಟೀನಿಗಿಂತ ಈ ಮಿಗಿಲು ಶಕ್ತಿಯೇ ಹೆಚ್ಚು ಕಾರಣ.

ಲೆಕ್ಕ ಬಂದ ಬಗೆ

ಮಾಂಸಖಂಡದ ಕೆಲಸಕ್ಕೆ ಪ್ರೋಟೀನೇ ಉರುವಲು ಎಂದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ನಂಬಿದ್ದ. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ವಿಜ್ಞಾನಿಗಳು ಪ್ರೋಟೀನ್ ಇಲ್ಲದ ಆಹಾರ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರ ಹತ್ತಿದರು. ತಮ್ಮ ಮೂತ್ರದಲ್ಲಿನ ಸಾರಜನಕ ಅಳೆದು, ಅಷ್ಟು ಪ್ರೋಟೀನ್ ಸುಟ್ಟು ಬೆಟ್ಟ ಹತ್ತಲು ಸಾಧ್ಯವಿಲ್ಲ ಎಂದು ತೋರಿಸಿದರು. ಪ್ರೋಟೀನ್ ಉರುವಲಲ್ಲ, ಕಟ್ಟುವ ಸಾಮಗ್ರಿ ಎಂಬ ತಿಳಿವಳಿಕೆಗೆ ಅದು ದಾರಿ ಮಾಡಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟೆಂಡನ್ 1904ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸೈನಿಕರೂ ಕ್ರೀಡಾಪಟುಗಳೂ ಆಗಿನ ಶಿಫಾರಸಿನ ಅರ್ಧದಷ್ಟು ಪ್ರೋಟೀನಿನಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿಯೇ ಇದ್ದರು. ಇದಕ್ಕೆ ಎದುರಾಗಿ ಕಲ್ಕತ್ತೆಯ ಮೆಕ್‌ಕೇ 1912ರಲ್ಲಿ ಬರೆದ ಗ್ರಂಥದಲ್ಲಿ, ಭಾರತದ ಜನರ ಮೈಕಟ್ಟಿನ ಹೆಚ್ಚುಕಡಿಮೆಗೆ ಪ್ರೋಟೀನೇ ಕಾರಣ ಎಂದು ವಾದಿಸಿದ. ಆ ವಾದದಲ್ಲಿ ಜನಾಂಗದ ಕುರಿತ ಆ ಕಾಲದ ಪೂರ್ವಗ್ರಹವೂ ಬೆರೆತಿತ್ತು.

1918ರಲ್ಲಿ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಆರಂಭಿಸಿದ ಬೆರಿಬೆರಿ ಸಂಶೋಧನಾ ಘಟಕವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆಯಿತು. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಶೇಂಗಾ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ವಿವಿಧೋದ್ದೇಶ ಆಹಾರವೆಂಬ ಪುಡಿ ತಯಾರಿಸಿತು. ಇಂದಿನ ಡಬ್ಬಿಗಳ ಮುಂದೆ ಅದು ಬಡವರ ಪ್ರೋಟೀನ್ ಪುಡಿ. ಕರ್ನಾಟಕದಿಂದ ಜಗತ್ತಿನ ಲೆಕ್ಕವನ್ನೇ ತಿದ್ದಿದ ಕೆಲಸವೆಂದರೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಮಾಡಿದ ಅಮೈನೋ ಆಮ್ಲಗಳ ಅಧ್ಯಯನ. ವಯಸ್ಕರಿಗೆ ಲೈಸಿನ್ ಎಂಬ ಅಮೈನೋ ಆಮ್ಲ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 12 ಮಿಲಿಗ್ರಾಂ ಸಾಕು ಎಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. 2007ರ ವರದಿ ಅದನ್ನು 30ಕ್ಕೆ ಏರಿಸಿತು. ಆ ಏರಿಕೆಯ ಹಿಂದೆ ಭಾರತೀಯರ ಮೇಲೆ ಬೆಂಗಳೂರಿನಲ್ಲಿ ನಡೆದ ಅಳತೆಗಳ ಬಲವೂ ಇತ್ತು. ರೊಟ್ಟಿ, ಅನ್ನವೇ ಹೆಚ್ಚಾಗಿ ಉಣ್ಣುವ ನಮ್ಮ ಕಡೆಯವರಿಗೆ ಈ ತಿದ್ದುಪಡಿ ಎಷ್ಟು ಮುಖ್ಯವೆಂಬುದು ತಟ್ಟೆಯ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ಎಷ್ಟು ಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕಿಲೋದ ಗಂಡಸಿಗೆ ಇದು ಸುಮಾರು 54 ಗ್ರಾಂ, 55 ಕಿಲೋದ ಹೆಂಗಸಿಗೆ ಸುಮಾರು 46 ಗ್ರಾಂ. ಈ ಅಂಕಿ ಬಲಸಾಧಕರನ್ನು ಗಮನದಲ್ಲಿಟ್ಟು ಮಾಡಿದ್ದಲ್ಲ. ಮೈಯಿಂದ ದಿನವೂ ನಷ್ಟವಾಗುವ ಸಾರಜನಕ ತುಂಬಿಬರಲು ಬೇಕಾದದ್ದು ಮಾತ್ರ ಅದರಲ್ಲಿದೆ.

ಭಾರ ಎತ್ತಿದಾಗ, ಜೋರು ಮಾಡಿದಾಗ ಸ್ನಾಯುವಿನ ಎಳೆಗಳು ಸವೆದು ಮರುಕಟ್ಟಣೆಗೊಳ್ಳುತ್ತವೆ. ಈ ಮರುಕಟ್ಟಣೆ ಒಂದು ದಿನಕ್ಕಿಂತ ಹೆಚ್ಚು ಕಾಲ ನಡೆಯುತ್ತಿರುತ್ತದೆ. ಹೊಸದಾಗಿ ಶುರುಮಾಡಿದವರಿಗೆ ಮೊದಲ ತಿಂಗಳುಗಳಲ್ಲಿ ಅಗತ್ಯ ಹೆಚ್ಚು. ಪಳಗಿದವರ ಮೈ ಪ್ರೋಟೀನನ್ನು ಇನ್ನಷ್ಟು ಮಿತವಾಗಿ ಬಳಸಲು ಕಲಿಯುತ್ತದೆ. ದೊಡ್ಡ ಪೈಲ್ವಾನನಿಗೇ ದೊಡ್ಡ ಪಾಲು ಎಂಬ ತಾಲೀಮಿನ ರೂಢಿ ತೂಕದ ದೃಷ್ಟಿಯಿಂದ ಸರಿ. ಕಿಲೋ ಲೆಕ್ಕದಲ್ಲಿ ನೋಡಿದರೆ ಹೊಸ ಹುಡುಗನಿಗೂ ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು.

2018ರಲ್ಲಿ ಮಾರ್ಟನ್ ಎಂಬ ಸಂಶೋಧಕ ಮತ್ತು ಸಂಗಡಿಗರು 49 ಪ್ರಯೋಗಗಳ, 1863 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಪ್ರೋಟೀನ್ ಹೆಚ್ಚಿದಂತೆ ಸ್ನಾಯುವೂ ಹೆಚ್ಚುವುದು ಕಿಲೋಗೆ 1.62 ಗ್ರಾಂ ವರೆಗೆ. ಆಮೇಲೆ ಗೆರೆ ಸಪಾಟು. ಈ ಅಂದಾಜಿನ ಅನಿಶ್ಚಿತತೆ 1.03ರಿಂದ 2.20ರವರೆಗೆ ಚಾಚಿರುವುದರಿಂದ ಕೆಲವರಿಗೆ ಒಂದು ಗ್ರಾಂ ಸಾಕಾಗಬಹುದು, ಕೆಲವರಿಗೆ ಎರಡು ದಾಟಬೇಕಾಗಬಹುದು. ಅದೇ ಅಧ್ಯಯನದ ಇನ್ನೊಂದು ಅಂಕಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಕಸರತ್ತಿಗೆ ಹೆಚ್ಚುವರಿ ಪ್ರೋಟೀನ್ ಜೊತೆಗೂಡಿದಾಗ ಕೊಬ್ಬಿಲ್ಲದ ಮೈತೂಕದಲ್ಲಿ ಸಿಕ್ಕ ಹೆಚ್ಚಿನ ಲಾಭ ಸರಾಸರಿ 300 ಗ್ರಾಂ ಮಾತ್ರ. ದೊಡ್ಡ ಪಾಲು ಕೆಲಸ ಮಾಡಿದ್ದು ಕಸರತ್ತೇ. ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸೊಸೈಟಿ 2017ರಲ್ಲಿ ಹೇಳಿದ ವ್ಯಾಪ್ತಿ 1.4ರಿಂದ 2.0 ಗ್ರಾಂ. ಪಂದ್ಯದ ಮುಂಚೆ ಕೊಬ್ಬು ಇಳಿಸುವವರು ಹಸಿವಿನ ದಿನಗಳಲ್ಲಿ ಸ್ನಾಯು ಉಳಿಸಿಕೊಳ್ಳಲು ಇದರ ಮೇಲ್ತುದಿಗೆ ಹೋಗುವುದು ಸಮಂಜಸ.

ಒಂದೇ ಹೊತ್ತಿಗೆ ಇಷ್ಟೇ ಪ್ರೋಟೀನ್ ಮೈಗೆ ಹತ್ತುತ್ತದೆ, ಉಳಿದದ್ದು ವ್ಯರ್ಥ ಎಂಬ ಮಾತು ಜಿಮ್‌ಗಳಲ್ಲಿ ಗಟ್ಟಿಯಾಗಿ ನಿಂತಿದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಸಲಕ್ಕೆ ಕುಡಿದ 100 ಗ್ರಾಂ ಹಾಲಿನ ಪ್ರೋಟೀನನ್ನು ಮೈ 12 ತಾಸಿಗೂ ಹೆಚ್ಚು ಹೊತ್ತು ಬಳಸಿಕೊಳ್ಳುತ್ತಲೇ ಇತ್ತು. ಹಾಗಿದ್ದರೂ ಮೂರು ನಾಲ್ಕು ಹೊತ್ತಿಗೆ ಹಂಚಿಕೊಂಡು ಉಣ್ಣುವುದು ಹೊಟ್ಟೆಗೂ ಜೇಬಿಗೂ ಸುಲಭ. ರಾತ್ರಿ ಮಲಗುವ ಮುನ್ನ ಹಾಲು ಕುಡಿಯುವ ಇಲ್ಲಿನ ರೂಢಿಗೂ ಒಳ್ಳೆಯ ಆಧಾರವಿದೆ: ಹಾಲಿನ ಪ್ರೋಟೀನಿನ ಐದರಲ್ಲಿ ನಾಲ್ಕು ಭಾಗ ಕೇಸಿನ್, ಅದು ನಿಧಾನವಾಗಿ ಜೀರ್ಣವಾಗಿ ರಾತ್ರಿಯಿಡೀ ಅಮೈನೋ ಆಮ್ಲ ಒದಗಿಸುತ್ತದೆ.

ತಟ್ಟೆಯ ಲೆಕ್ಕ

60 ಕಿಲೋ ತೂಕದ ಹುಡುಗನಿಗೆ 1.6ರ ಲೆಕ್ಕದಲ್ಲಿ ದಿನಕ್ಕೆ 96 ಗ್ರಾಂ ಬೇಕು. ಬೆಳಗಾವಿಯ ಮನೆಯೂಟದಲ್ಲಿ ಅದನ್ನು ಕೂಡಿಸಬಹುದೇ? ನಾಲ್ಕು ಜೋಳದ ರೊಟ್ಟಿಯ 200 ಗ್ರಾಂ ಹಿಟ್ಟಿನಲ್ಲಿ 20 ಗ್ರಾಂ ಇದೆ. ಮೊಳಕೆ ಕಟ್ಟಿದ ಹೆಸರು ಅಥವಾ ಮಡಿಕೆ ಕಾಳು, ಒಣತೂಕದಲ್ಲಿ 50 ಗ್ರಾಂ ತೆಗೆದುಕೊಂಡರೆ 10–11. ತೊಗರಿ ಬೇಳೆ 50 ಗ್ರಾಂಗೆ 11. ಶೇಂಗಾ ಹಿಂಡಿಯೋ ಹುರಿದ ಶೇಂಗಾವೋ 40 ಗ್ರಾಂಗೆ 9. ಅರ್ಧ ಲೀಟರ್ ಎಮ್ಮೆ ಹಾಲು 18, ಒಂದು ಬಟ್ಟಲು ಮೊಸರು 5, ನೂರು ಗ್ರಾಂ ಅಕ್ಕಿಯ ಅನ್ನ 8, ಎರಡು ತತ್ತಿ 13. ಒಟ್ಟು ಸುಮಾರು 95. ತತ್ತಿ ಮುಟ್ಟದ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಅದರ ಜಾಗಕ್ಕೆ 70 ಗ್ರಾಂ ಪನೀರು ಅಥವಾ ಒಂದು ಹೊತ್ತಿನ ಕಡಲೆ ಹಿಟ್ಟಿನ ಜುಣಕ ಬಂದರಾಯಿತು. ಡಬ್ಬಿ ಬೇಕಾಗಲೇ ಇಲ್ಲ.

ಆದರೆ ಕೂಡಿಸಿದ ಗ್ರಾಂಗಳೆಲ್ಲ ಒಂದೇ ಗುಣದವಲ್ಲ. ಜೋಳದ ಪ್ರೋಟೀನಿನ ನೂರು ಗ್ರಾಂನಲ್ಲಿ ಲೈಸಿನ್ ಇರುವುದು ಎರಡು ಗ್ರಾಂ ಆಸುಪಾಸು. ಬೇಕಾದದ್ದು ನಾಲ್ಕೂವರೆ. ಹತ್ತು ಎತ್ತು ಕಟ್ಟಿದ್ದರೂ ಇರುವುದು ಒಂದೇ ನೊಗವಾದರೆ ಒಂದೇ ಜೋಡಿ ಹೂಡಲು ಬರುವಂತೆ, ಲೈಸಿನ್ ಮುಗಿದಲ್ಲಿಗೆ ಉಳಿದ ಅಮೈನೋ ಆಮ್ಲಗಳೂ ಕಟ್ಟಡಕ್ಕೆ ಒದಗದೆ ಉರುವಲಾಗುತ್ತವೆ. ಮೇಲಾಗಿ ಜೋಳದ ಕೆಫಿರಿನ್ ಎಂಬ ಪ್ರೋಟೀನ್ ಬೇಯಿಸಿದಾಗ ಬಿಗಿಗೊಂಡು ಸುಲಭಕ್ಕೆ ಜೀರ್ಣವಾಗುವುದಿಲ್ಲ. ತೊಗರಿ, ಹೆಸರು, ಮಡಿಕೆ, ಹುರುಳಿ ಇವುಗಳ ಪ್ರೋಟೀನಿನಲ್ಲಿ ಲೈಸಿನ್ ಆರೇಳು ಗ್ರಾಂ ಇರುವುದರಿಂದ ರೊಟ್ಟಿಯ ಕೊರತೆ ಪಲ್ಯದಲ್ಲಿ ತುಂಬುತ್ತದೆ. ರೊಟ್ಟಿ ಮತ್ತು ಕಾಳುಪಲ್ಯದ ಜೋಡಿ ಪೋಷಣಶಾಸ್ತ್ರಕ್ಕಿಂತ ಹಳೆಯದು, ಅದಕ್ಕೆ ಒಪ್ಪುವಂಥದ್ದು. ರೊಟ್ಟಿಗೆ ಬರೀ ಖಾರ, ಎಣ್ಣೆ ಹಚ್ಚಿಕೊಂಡು ಉಂಡರೆ ಆ ಲಾಭವಿಲ್ಲ. ತೀರ ಸಸ್ಯಾಹಾರದ ಮೇಲೆಯೇ ನಡೆಯುವವರು ಮೇಲಿನ ಅಂಕಿಗೆ ಹತ್ತಿಪ್ಪತ್ತು ಗ್ರಾಂ ಸೇರಿಸಿಕೊಳ್ಳುವುದು ಲೇಸು.

ಖಾನಾಪುರದ ತಟ್ಟೆ ಬೇರೆ. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನದು. ಜಾಂಬೋಟಿ, ಲೋಂಡಾ, ಭೀಮಗಡದ ಕಡೆಗೆ ಮಳೆ ಬಿಡದೆ ಹೊಡೆಯುತ್ತದೆ, ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ. ದಿನಕ್ಕೆ 350 ಗ್ರಾಂ ಅಕ್ಕಿ ಉಂಡರೂ ಅದರಿಂದ ಸಿಗುವ ಪ್ರೋಟೀನ್ 28 ಗ್ರಾಂ. ಅಕ್ಕಿಯ ಗುಣ ಜೋಳಕ್ಕಿಂತ ಮೇಲು, ಪ್ರಮಾಣ ಕಡಿಮೆ. ತೆಳುವಾದ ಸಾರಿಗೆ 40 ಗ್ರಾಂ ಬೇಳೆ ಬಿದ್ದರೆ 9, ಎರಡು ಲೋಟ ಚಹಾದ ಹಾಲು, ಒಂದಿಷ್ಟು ಕಾಯಿಪಲ್ಲೆ ಸೇರಿ ಎಲ್ಲ ಕೂಡಿಸಿದರೂ 45 ಗ್ರಾಂ ದಾಟುವುದು ಕಷ್ಟ. ಸಾಮಾನ್ಯ ವಯಸ್ಕನ ಶಿಫಾರಸಿಗೂ ಇದು ಕಡಿಮೆ. ಬೆಳಿಗ್ಗೆ ಗದ್ದೆ, ಸಂಜೆ ತಾಲೀಮು ಎನ್ನುವ 60 ಕಿಲೋ ಹುಡುಗನ ಅಗತ್ಯದ ಅರ್ಧಕ್ಕೂ ಸಾಲದು. ಅವನು ಎಷ್ಟು ಸಪಾಟಿ ಹೊಡೆದರೂ ಮೈ ಕಟ್ಟುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಅವನಿಗೆ ಬೇಕಾದದ್ದು ದುಬಾರಿಯದಲ್ಲ: ಒಂದು ಹಿಡಿ ಹುರುಳಿ, ಒಂದು ಹಿಡಿ ಶೇಂಗಾ, ಮೂರು ತತ್ತಿ ಅಥವಾ ಹೊಳೆಮೀನು, ಅರ್ಧ ಲೀಟರ್ ಹಾಲು. ಇದರಿಂದಲೇ 40 ಗ್ರಾಂ ಮೇಲೆ ಬೀಳುತ್ತದೆ.

ಹಾಲಿನ ವಿಷಯದಲ್ಲಿ ಒಂದು ಸಂಗತಿ ಮನಸ್ಸಿಗೆ ತಟ್ಟುತ್ತದೆ. ಬೆಳಗಾವಿಯ ಹೈನುಗಾರ ಗೌಳಿಗಳು ದೀಪಾವಳಿಯಲ್ಲಿ ಎಮ್ಮೆಗಳನ್ನು ಸಿಂಗರಿಸಿ ಓಡಿಸುತ್ತಾರೆ. ಈ ಊರಿನ ಸಿಹಿತಿಂಡಿ ಕುಂದಾ ಹುಟ್ಟಿದ್ದೇ ಹಾಲಿನ ಸಮೃದ್ಧಿಯಿಂದ. ಖಾನಾಪುರದ ಕಾಡಂಚಿನ ಗೌಳಿವಾಡಗಳಲ್ಲಿಯೂ ಬದುಕು ನಿಂತಿರುವುದು ಎಮ್ಮೆಯ ಮೇಲೆಯೇ. ಹಾಲನ್ನು ಮಾರಿದ ಹಣದಲ್ಲಿ ಅಕ್ಕಿ ಕೊಳ್ಳುವ ಮನೆಯಲ್ಲಿ ಮಕ್ಕಳ ಪಾಲಿಗೆ ಹಾಲು ಉಳಿಯುವುದಿಲ್ಲ. ಹಾಲು ಹುಟ್ಟುವ ಮನೆಯೂ ಅದನ್ನು ಕುಡಿಯುವ ಮನೆಯೂ ಒಂದೇ ಆಗಿರಬೇಕೆಂದಿಲ್ಲ ಎಂಬುದನ್ನು ಪ್ರೋಟೀನಿನ ಅಂಕಿಗಳನ್ನಿಟ್ಟುಕೊಂಡು ಮಾತಾಡುವವರು ಮರೆಯಬಾರದು.

ಹಸಿ ತತ್ತಿಯನ್ನು ಒಡೆದು ಹಾಗೇ ನುಂಗುವ ಅಭ್ಯಾಸ ತಾಲೀಮು, ಜಿಮ್ ಎರಡರಲ್ಲೂ ಇದೆ. ಇದರಿಂದ ನಷ್ಟವೇ ಹೆಚ್ಚು. ಬೇಯಿಸಿದ ತತ್ತಿಯ ಪ್ರೋಟೀನ್ ಶೇ. 90ರಷ್ಟು ಜೀರ್ಣವಾದರೆ ಹಸಿಯದು ಶೇ. 50ರಷ್ಟು ಮಾತ್ರ ಎಂದು ಬೆಲ್ಜಿಯಂನ ಅಧ್ಯಯನ 1998ರಲ್ಲಿ ತೋರಿಸಿತು. ಜೊತೆಗೆ ಸಾಲ್ಮೊನೆಲ್ಲಾ ಸೋಂಕಿನ ಭಯ.

ಮೂತ್ರಪಿಂಡದ ಪ್ರಶ್ನೆ

ಪ್ರೋಟೀನ್ ಹೆಚ್ಚು ತಿಂದಾಗ ಮೂತ್ರಪಿಂಡದ ಸೋಸುವ ವೇಗ ಹೆಚ್ಚುತ್ತದೆ. ಈ ಹೆಚ್ಚಿದ ಒತ್ತಡವೇ ಕಾಲಕ್ರಮದಲ್ಲಿ ಮೂತ್ರಪಿಂಡವನ್ನು ಸವೆಸುತ್ತದೆ ಎಂದು 1982ರಲ್ಲಿ ಬ್ರೆನ್ನರ್ ಎಂಬ ವೈದ್ಯ ಮತ್ತು ಸಂಗಡಿಗರು ಸಿದ್ಧಾಂತ ಮಂಡಿಸಿದರು. ಭಯದ ಮೂಲ ಅದು. ಈಗಾಗಲೇ ಕೆಟ್ಟ ಮೂತ್ರಪಿಂಡದಲ್ಲಿ ಈ ವಾದಕ್ಕೆ ತಿರುಳಿದೆ. ಆರೋಗ್ಯವಂತರಲ್ಲಿ ಮಾತ್ರ ವೇಗ ಹೆಚ್ಚುವುದು ಮೈ ಕೆಲಸಕ್ಕೆ ಹೊಂದಿಕೊಂಡದ್ದರ ಲಕ್ಷಣವೇ ಹೊರತು ರೋಗವಲ್ಲ. 2018ರಲ್ಲಿ ಪ್ರಕಟವಾದ 28 ಪ್ರಯೋಗಗಳ, 1358 ಜನರ ಸಮಗ್ರ ವಿಶ್ಲೇಷಣೆಯಲ್ಲಿ ಹೆಚ್ಚು ಪ್ರೋಟೀನ್ ಉಂಡವರ ಮೂತ್ರಪಿಂಡದ ಕೆಲಸ ಕುಸಿದದ್ದು ಕಾಣಲಿಲ್ಲ. ಪಳಗಿದ ಬಲಸಾಧಕರು ಕಿಲೋಗೆ 2.5ರಿಂದ 3.3 ಗ್ರಾಂ ತಿಂದ ಒಂದು ವರ್ಷದ ಪ್ರಯೋಗದಲ್ಲೂ ಹಾನಿ ಕಾಣಲಿಲ್ಲ. ಆದರೆ ಅದರಲ್ಲಿದ್ದವರು 14 ಗಂಡಸರು ಮಾತ್ರ. ಇಪ್ಪತ್ತು ಮೂವತ್ತು ವರ್ಷ ಹಾಗೆ ತಿಂದವರ ಮೇಲಿನ ಪ್ರಯೋಗಗಳಿಲ್ಲ. 1.6ಕ್ಕೆ ಲಾಭ ಮುಗಿಯುವಾಗ ಮೂರರ ಕಡೆಗೆ ಹೋಗಲು ಕಾರಣವೂ ಇಲ್ಲ.

ಹೆಚ್ಚು ಪ್ರೋಟೀನ್ ಎಲುಬಿನ ಸುಣ್ಣ ಕರಗಿಸುತ್ತದೆ ಎಂಬ ಹಳೆಯ ಮಾತೂ ನಿಂತಿಲ್ಲ. ಸುಣ್ಣ ಸಾಕಷ್ಟಿದ್ದರೆ ಪ್ರೋಟೀನ್ ಎಲುಬಿಗೆ ಸಹಾಯಕವೇ.

ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇಲ್ಲ. ರಕ್ತದೊತ್ತಡದ್ದೂ ಇದೇ ಕಥೆ. ಮೂತ್ರಪಿಂಡ ಅರ್ಧಕ್ಕೂ ಹೆಚ್ಚು ಕೆಡುವವರೆಗೆ ನೋವಿಲ್ಲ, ಸೂಚನೆಯಿಲ್ಲ. ನಲವತ್ತರ ಹೊಸ್ತಿಲಲ್ಲಿ ಮೈ ಇಳಿಸಲೆಂದು ಜಿಮ್ ಸೇರಿ, ಮೊದಲ ವಾರವೇ ಡಬ್ಬಿ ಕೊಳ್ಳುವವರ ಪಾಲಿಗೆ ಅಪಾಯವಿರುವುದು ಇಲ್ಲಿ. ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇರುವ ವಯಸ್ಕರು ಕಿಲೋಗೆ 0.8 ಗ್ರಾಂ ಆಸುಪಾಸಿನಲ್ಲಿರಬೇಕು, ಕಾಯಿಲೆ ಹೆಚ್ಚುವ ಸಂಭವವಿದ್ದವರು 1.3 ದಾಟಲೇಬಾರದು ಎಂಬುದು 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ. ರಕ್ತದ ಸಕ್ಕರೆ, ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ನಾಲ್ಕು ಪರೀಕ್ಷೆಗಳು ದೊಡ್ಡ ಖರ್ಚಿನವಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲೇ ಆಗುವಂಥವು. ಡಬ್ಬಿಯ ಮೊದಲು ಇವು ಆಗಬೇಕು.

ಈ ಪರೀಕ್ಷೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ದಪ್ಪ ಸ್ನಾಯುವಿನ ಪೈಲ್ವಾನನಿಗೆ, ಕ್ರಿಯಾಟಿನ್ ಪುಡಿ ತಿನ್ನುವವನಿಗೆ, ಹಿಂದಿನ ದಿನ ಮಾಂಸ ಉಂಡು ಜೋರು ಮಾಡಿದವನಿಗೆ ಅದು ತುಸು ಹೆಚ್ಚೇ ಬರುತ್ತದೆ, ಮೂತ್ರಪಿಂಡ ಚೆನ್ನಾಗಿದ್ದರೂ. ವರದಿ ಕಂಡು ಗಾಬರಿಯಾಗಿ ಪ್ರೋಟೀನನ್ನೇ ಬಿಟ್ಟವರಿದ್ದಾರೆ. ಅಂಥಲ್ಲಿ ಸ್ನಾಯುವಿನ ಗಾತ್ರಕ್ಕೆ ಅಷ್ಟಾಗಿ ಜಗ್ಗದ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಿದರೆ ಸಂದೇಹ ತೀರುತ್ತದೆ.

ಡಬ್ಬಿಯೊಳಗೆ ಏನಿದೆ

ವೇ ಎಂದರೆ ಚೀಸು ಮಾಡುವಾಗ ಉಳಿಯುವ ತಿಳಿನೀರಿನ ಪ್ರೋಟೀನ್. ಶುದ್ಧವಾಗಿದ್ದರೆ ಅದು ಹಾಲಿನ ಒಂದು ಅಂಶವೇ, ಭಯಪಡುವಂಥದ್ದೇನಿಲ್ಲ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೆ ಅಗ್ಗದ ವೇ ಪುಡಿಯಿಂದಲೂ ಅದೇ ತೊಂದರೆಯಾಗುತ್ತದೆ, ಏಕೆಂದರೆ ಅದರಲ್ಲಿ ಲ್ಯಾಕ್ಟೋಸ್ ಉಳಿದಿರುತ್ತದೆ.

ಶುದ್ಧತೆಯೇ ಇಲ್ಲಿನ ದೊಡ್ಡ ಪ್ರಶ್ನೆ. ಕೇರಳದ ವೈದ್ಯ ಸಿರಿಯಾಕ್ ಆ್ಯಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಂತೆ ಸುಮಾರು ಶೇ. 70ರಷ್ಟರಲ್ಲಿ ಪ್ರೋಟೀನಿನ ಪ್ರಮಾಣ ಲೇಬಲ್ಲಿನ ಮಾತಿಗೆ ಹೊಂದಲಿಲ್ಲ. ಶೇ. 14ರಷ್ಟರಲ್ಲಿ ಯಕೃತ್ತಿಗೆ ಕೇಡಾದ ಅಫ್ಲಾಟಾಕ್ಸಿನ್ ಇತ್ತು, ಶೇ. 8ರಷ್ಟರಲ್ಲಿ ಕೀಟನಾಶಕದ ಉಳಿಕೆ.

ಪ್ರಮಾಣದ ಮೋಸ ನಡೆಯುವ ಬಗೆ ತಿಳಿದಿರಬೇಕು. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಪುಡಿಯಲ್ಲಿರುವ ಸಾರಜನಕ ಅಳೆದು ಅದನ್ನು 6.25ರಿಂದ ಗುಣಿಸುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಪದಾರ್ಥದಲ್ಲೂ ಸಾರಜನಕವಿದೆ. ಅದನ್ನು ಬೆರೆಸಿದರೆ ಲೆಕ್ಕದಲ್ಲಿ ಪ್ರೋಟೀನ್ ಏರುತ್ತದೆ, ಸ್ನಾಯುವಿಗೆ ಏನೂ ಸಿಗುವುದಿಲ್ಲ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಬೆರೆಸಿ ಮಾಡಿದ್ದೂ ಇದೇ ತಂತ್ರ. ಅಲ್ಲಿ ಲಕ್ಷಾಂತರ ಮಕ್ಕಳ ಮೂತ್ರಪಿಂಡಕ್ಕೆ ಪೆಟ್ಟುಬಿತ್ತು. ಪದಾರ್ಥಗಳ ಪಟ್ಟಿಯಲ್ಲಿ ಬಿಡಿ ಅಮೈನೋ ಆಮ್ಲಗಳ ಹೆಸರು ಮೊದಮೊದಲೇ ಬಂದಿದ್ದರೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಪರವಾನಗಿ ಸಂಖ್ಯೆ ಇಲ್ಲದಿದ್ದರೆ, ಬಿಲ್ಲು ಕೊಡದೆ ಕೈಯಿಂದ ಕೈಗೆ ಮಾರಿದರೆ ಅದನ್ನು ಕೊಳ್ಳದಿರುವುದೇ ಕ್ಷೇಮ.

ಪಂದ್ಯಕ್ಕೆ ಇಳಿಯುವವರಿಗೆ ಇನ್ನೂ ಒಂದು ಎಚ್ಚರ ಬೇಕು. 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು ಜರ್ಮನಿಯ ಕಲೋನ್ ಪ್ರಯೋಗಾಲಯ ಪರೀಕ್ಷಿಸಿದಾಗ 94ರಲ್ಲಿ ಲೇಬಲ್ಲಿನಲ್ಲಿ ಹೇಳದ ಸ್ಟೀರಾಯ್ಡ್ ಜಾತಿಯ ಪದಾರ್ಥ ಸಿಕ್ಕಿತ್ತು. 2004ರಲ್ಲಿ ಪ್ರಕಟವಾದ ಮಾತಿದು. ಮೂತ್ರದ ಮಾದರಿಯಲ್ಲಿ ಅಂಥದ್ದು ಸಿಕ್ಕರೆ ಗೊತ್ತಿಲ್ಲದೆ ತಿಂದೆ ಎಂಬ ಮಾತು ಪಟುವನ್ನು ಪೂರ್ತಿ ಉಳಿಸುವುದಿಲ್ಲ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ, ಸ್ನಾಯು ಬೆಳೆಸಲು ಪ್ರೋಟೀನ್ ಪೂರಕಗಳ ಮೊರೆಹೋಗದಿರುವುದೇ ಒಳ್ಳೆಯದು ಎಂದು ನೇರವಾಗಿ ಹೇಳಿದೆ. ಊಟದಿಂದ ಸಾಧ್ಯವಿರುವವರಿಗೆ ಈ ಸಲಹೆ ಸರಿಯಾಗಿಯೇ ಇದೆ. ಊಟ ಮಾಡಲು ಹೊತ್ತೇ ಸಿಗದ, ಹಾಸ್ಟೆಲಿನ ತೆಳುಸಾರಿನ ಮೇಲೆ ಬದುಕುವ ವಿದ್ಯಾರ್ಥಿಗೆ ಒಂದು ಸ್ಕೂಪ್ ನಂಬಿಕಸ್ತ ಪುಡಿ ಪಾಪವಲ್ಲ. ಆದರೂ ಅದೇ ದುಡ್ಡಿಗೆ ಎಷ್ಟು ತತ್ತಿ, ಎಷ್ಟು ಸೋಯಾ ಬರುತ್ತದೆಂದು ಅವನು ಲೆಕ್ಕ ಹಾಕಬೇಕು. ನೂರು ಗ್ರಾಂ ಸೋಯಾ ತುಣುಕಿನಲ್ಲಿ 50 ಗ್ರಾಂ ಹತ್ತಿರ ಪ್ರೋಟೀನ್ ಇದೆ.

ಪ್ರೋಟೀನಿಗಿಂತ ದೊಡ್ಡ ಅಪಾಯಗಳು

ಮೂತ್ರಪಿಂಡಕ್ಕೆ ನಿಜವಾಗಿ ಏಟು ಬೀಳುವ ಎರಡು ರೂಢಿಗಳು ತಾಲೀಮು ಮತ್ತು ಜಿಮ್‌ಗಳಲ್ಲಿವೆ. ಮೊದಲನೆಯದು ತೂಕ ಇಳಿಸುವುದು. ತೂಕದ ದಿನ ಎರಡು ಮೂರು ಕಿಲೋ ಕಡಿಮೆ ಮಾಡಲೆಂದು ನೀರು ಬಿಟ್ಟು, ಪ್ಲಾಸ್ಟಿಕ್ ಹೊದ್ದು ಓಡುತ್ತಾರೆ, ಕೆಲವರು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಾರೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಐದು ವಾರದೊಳಗೆ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಸತ್ತರು, ಆಮೇಲೆ ಅಲ್ಲಿನ ನಿಯಮಗಳು ಬದಲಾದವು. ಬೇಸಿಗೆಯ ಜಾತ್ರೆಗಳ ಸುಗ್ಗಿಯಲ್ಲಿ ನಮ್ಮಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಎರಡನೆಯದು ಹೊಸಬರಿಗೆ ಮೊದಲ ದಿನವೇ ನೂರಾರು ಸಪಾಟಿ ಹೊಡೆಸುವುದು. ಅಭ್ಯಾಸವಿಲ್ಲದ ತೊಡೆಯ ಸ್ನಾಯು ಒಡೆದು, ಅದರ ಮಯೋಗ್ಲೋಬಿನ್ ರಕ್ತಕ್ಕೆ ಇಳಿದು ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ತೊಡೆ ಬಾತು, ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಅದು ಮೈನೋವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿಕೊಳ್ಳಬೇಕು. ಗೊತ್ತಿರುವ ವಸ್ತಾದಿ ಹೊಸ ಹುಡುಗನಿಗೆ ಎಣಿಕೆಯನ್ನು ವಾರವಾರಕ್ಕೆ ಏರಿಸುತ್ತಾನೆ.

ಹೆಣ್ಣುಮಕ್ಕಳು, ಎಳೆಯರು

2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯ 52 ಕಿಲೋ ವಿಭಾಗದ ಕಂಚು ಗೆದ್ದ ಮಲಪ್ರಭಾ ಜಾಧವ್ ಬೆಳಗಾವಿಯ ಜೂಡೋ ಪಟು. ಆ ತೂಕದ ಹೆಣ್ಣುಮಗಳಿಗೆ 1.6ರ ಲೆಕ್ಕದಲ್ಲಿ ದಿನಕ್ಕೆ 83 ಗ್ರಾಂ ಬೇಕು. ಕಿಲೋ ಲೆಕ್ಕದಲ್ಲಿ ಗಂಡು ಹೆಣ್ಣಿನ ಅಗತ್ಯಕ್ಕೆ ಹೇಳಿಕೊಳ್ಳುವಂಥ ಭೇದವಿಲ್ಲ, ಭೇದವಿರುವುದು ಬಡಿಸುವಲ್ಲಿ. ಮನೆಯವರೆಲ್ಲ ಉಂಡ ಮೇಲೆ ತಳದ ಸಾರು ಬಳಿದುಕೊಂಡು ಉಣ್ಣುವ ರೂಢಿಯಿರುವ ಮನೆಯಲ್ಲಿ ತಾಲೀಮಿಗೆ ಹೋಗುವ ಮಗಳ ಪಾಲಿನ ಹಾಲು, ಕಾಳು ಮೊದಲೇ ತೆಗೆದಿಡದಿದ್ದರೆ ಅವಳಿಗೆ ಸಿಗುವುದಿಲ್ಲ.

ಬೆಳೆಯುವ ವಯಸ್ಸಿನವರಿಗೆ ಪುಡಿಯ ಅವಶ್ಯಕತೆಯಿಲ್ಲ, ಊಟದ ಅವಶ್ಯಕತೆ ಬಹಳವಿದೆ. ಶಾಲಾಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ರಾಜ್ಯದಲ್ಲಿ 2013ರ ಆಗಸ್ಟ್‌ನಲ್ಲಿ ಶುರುವಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರದ ಆರು ದಿನವೂ ತತ್ತಿ, ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಏರ್ಪಾಡಾಯಿತು. ಒಂದು ತತ್ತಿ, ಒಂದು ಲೋಟ ಹಾಲು ಸೇರಿ ಹತ್ತು ಗ್ರಾಂ ಆಸುಪಾಸು. ಕಣಕುಂಬಿಯ ಕಡೆಯ ಹಳ್ಳಿಯಲ್ಲಿ 40 ಕಿಲೋ ತೂಗುವ, ಸಂಜೆ ತಾಲೀಮಿನ ಮಣ್ಣಿಗಿಳಿಯುವ ಹುಡುಗನಿಗೆ ಅದು ದಿನದ ಅಗತ್ಯದ ಆರರಲ್ಲಿ ಒಂದು ಪಾಲು. ರಜೆಯ ಎರಡು ತಿಂಗಳು ಶಾಲೆ ಮುಚ್ಚಿರುವಾಗ, ಜಾತ್ರೆಯ ಕುಸ್ತಿಗಳು ರಂಗೇರಿರುವಾಗ, ಆ ಪಾಲು ಮನೆಯಿಂದಲೋ ತಾಲೀಮಿನಿಂದಲೋ ಬರಬೇಕು.